ಜಾಹೀರಾತಿನ ತುಂಟತನ ಯಾವಾಗ ಕೀಳು ಅಭಿರುಚಿ ಆಗುತ್ತದೆ?

ನಗು ಯಾರ ಮೇಲೆ ಬೀಳುತ್ತಿದೆ ಅಂತ ಮೊದಲು ನೋಡಿ. ಕಂಪನಿ ತನ್ನ ಕಾಲನ್ನೇ ಎಳೆದುಕೊಂಡರೆ ಯಾರಿಗೂ ನೋವಿಲ್ಲ. ಈಗಾಗಲೇ ತುಳಿತಕ್ಕೆ ಸಿಕ್ಕವರ ಭಯವೋ ಅವಮಾನವೋ ತಮಾಷೆಯ ಸರಕಾದರೆ, ಅಲ್ಲಿಗೆ ಗೆರೆ ದಾಟಿತು.

2022ರ ಜೂನ್‌ನಲ್ಲಿ ಬಂದ ಲೇಯರ್ ಶಾಟ್ ಜಾಹೀರಾತು ನೋಡಿ. ಅಂಗಡಿಯಲ್ಲಿ ನಾಲ್ವರು ಗಂಡಸರು, ಒಬ್ಬಳೇ ಹುಡುಗಿ. ‘ನಾವು ನಾಲ್ವರು, ಇದು ಒಂದೇ, ಶಾಟ್ ಯಾರಿಗೆ’ ಎಂಬರ್ಥದ ಮಾತು ಕೇಳಿ ಅವಳು ಬೆಚ್ಚುತ್ತಾಳೆ. ಅವರು ಹೇಳಿದ್ದು ಬಾಡಿ ಸ್ಪ್ರೇ ಬಾಟಲಿಯ ಬಗ್ಗೆಯಂತೆ! ಸಾಮೂಹಿಕ ಅತ್ಯಾಚಾರದ ಭಯವನ್ನೇ ಜೋಕ್ ಮಾಡಿದ್ದರು. ಅದನ್ನು ತೆಗೆಯುವಂತೆ ಕೇಂದ್ರ ಸರ್ಕಾರ ಯೂಟ್ಯೂಬ್, ಟ್ವಿಟರ್‌ಗೆ ಹೇಳಬೇಕಾಯಿತು.

ಉದ್ದೇಶ ಒಳ್ಳೆಯದಿದ್ದರೂ ಸಾಲದು. 2023ರ ವಿಶ್ವ ಪರಿಸರ ದಿನಕ್ಕೆ ಜೊಮ್ಯಾಟೊ ಪ್ಲಾಸ್ಟಿಕ್ ಮರುಬಳಕೆಯ ಬಗ್ಗೆ ವಿಡಿಯೊ ಮಾಡಿತು. ‘ಲಗಾನ್’ ಸಿನಿಮಾದ ದಲಿತ ಪಾತ್ರ ಕಚ್ರಾನನ್ನು ಮಾಡಿದ್ದ ನಟನನ್ನೇ ಕರೆಸಿ ಮೇಜು, ದೀಪ, ಟವೆಲ್‌ಗಳಂತೆ ತೋರಿಸಿತು. ಹಿಂದಿಯಲ್ಲಿ ಕಚ್ರಾ ಅಂದರೆ ಕಸ; ಹೆಸರಿಗೂ ಕಸಕ್ಕೂ ಶ್ಲೇಷೆ ಸಿಕ್ಕಿದ್ದೇ ಸಾಕಾಯಿತು. ಆ ಹೆಸರಿನ ಹಿಂದಿರುವ ಜಾತಿಯ ಅವಮಾನ ಯಾರಿಗೂ ಹೊಳೆಯಲಿಲ್ಲವೇ? ನನಗೆ ಇದೇ ಜಾಸ್ತಿ ಬೇಸರ ತರುವುದು. ಟೀಕೆ ಬಂದ ಮೇಲೆ ವಿಡಿಯೊ ತೆಗೆದರು. ರಾಷ್ಟ್ರೀಯ ಪರಿಶಿಷ್ಟ ಜಾತಿಗಳ ಆಯೋಗ ನೋಟಿಸ್ ಕೂಡ ಕೊಟ್ಟಿತು.

ಹಾಗಾಗಿ ಬಿಡುಗಡೆಗೆ ಮೊದಲು, ತಮಾಷೆ ಯಾರನ್ನು ಮುಟ್ಟುತ್ತದೋ ಅವರಿಗೇ ತೋರಿಸಬೇಕು. ಅವರ ಮುಂದೆ ಹೇಳಲು ಮುಜುಗರ ಅನ್ನಿಸಿದರೆ ಆ ಸಾಲು ಬಿಡಬೇಕು. ನೋಡುಗರಾದ ನೀವು ಜಾಹೀರಾತು ಮಾನದಂಡ ಮಂಡಳಿ ಎಎಸ್‌ಸಿಐಗೆ ಆನ್‌ಲೈನಲ್ಲೇ ದೂರು ಕೊಡಬಹುದು.