ಪುಸ್ತಕದಲ್ಲಿ ಎಲ್ಲರ ಹೆಸರೂ ಇದೆ, ನನ್ನದಿಲ್ಲ

ಪ್ರಶ್ನೆ: ನನಗೆ 43 ವರ್ಷ. ಮನೆಯಲ್ಲೇ ಕೂತು ಇಬ್ಬರು ಪ್ರಕಾಶಕರಿಗೆ ಕನ್ನಡ ಪುಸ್ತಕಗಳ ಕರಡು ತಿದ್ದಿಕೊಡುತ್ತೇನೆ. ಈಚೆಗೆ ನಾನು ತಿದ್ದಿದ ಕಾದಂಬರಿಯೊಂದಕ್ಕೆ ಬಹುಮಾನ ಬಂತು. ಸಮಾರಂಭದಲ್ಲಿ ಲೇಖಕರು ಮುಖಪುಟ ಮಾಡಿದವರಿಂದ ಹಿಡಿದು ಎಲ್ಲರನ್ನೂ ನೆನೆದರು, ನನ್ನೊಬ್ಬಳನ್ನು ಬಿಟ್ಟು. ಮಾರನೇ ದಿನವೇ ಪ್ರಕಾಶಕರ ಫೋನು: '112ನೇ ಪುಟದಲ್ಲಿ ತಪ್ಪು ಉಳಿದಿದೆಯಲ್ಲ ಮೇಡಂ.' ನನ್ನವೇ ಮೂರು ಕಥೆಗಳು ಅರ್ಧಕ್ಕೆ ನಿಂತಿವೆ. ಬೇರೆಯವರ ಬರಹಕ್ಕೆ ಸವೆಯುವ ಬದಲು ಇದನ್ನು ಬಿಟ್ಟು ಬರೆಯಲು ಕೂರಲೇ?

ಉತ್ತರ: ಬಿಡುವುದು ಬಿಡದಿರುವುದು ನಿಮ್ಮ ಇಷ್ಟ, ಆದರೆ ಆ ಫೋನಿನ ಸಿಟ್ಟಿನಲ್ಲಿ ಬಿಡಬೇಡಿ. ನಿಮಗೆ ಕೆಲಸವೇ ಬೇಸರವಾಗಿದೆ ಅಂತ ಪತ್ರ ಓದಿದರೆ ಅನ್ನಿಸುವುದಿಲ್ಲ. ಅದು ನಿಮ್ಮ ಕೈಗೆ ತೀರಾ ತಡವಾಗಿ ಬರುತ್ತಿದೆ. ಪುಟ ಕಟ್ಟಿಯಾದ ಮೇಲೆ ಬರುವ ಕರಡಿನಲ್ಲಿ ಕಾಗುಣಿತದ ಕಳೆ ಕೀಳಬಹುದು, ಅಷ್ಟೇ. ಲೇಖಕರಿಗೂ ನಿಮಗೂ ನಡುವೆ ಪ್ರಕಾಶಕರು ನಿಂತಿರುತ್ತಾರೆ. ನೀವು ಯಾರು ಅಂತಲೇ ಗೊತ್ತಿಲ್ಲದ ಲೇಖಕರು ವೇದಿಕೆಯಲ್ಲಿ ನಿಮ್ಮನ್ನು ನೆನೆಯುವುದಾದರೂ ಹೇಗೆ?

ಮುಂದಿನ ಪುಸ್ತಕಕ್ಕೆ ಪ್ರಕಾಶಕರಲ್ಲಿ ಒಂದು ಮಾತು ಕೇಳಿ: ಹಸ್ತಪ್ರತಿ ಡಿಟಿಪಿಗೆ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವವರ ಕೈಗೆ, ಹೋಗುವ ಮುಂಚೆ ನಿಮ್ಮ ಹತ್ತಿರ ಬರಲಿ. ಪೂರ್ತಿ ಓದಿ, ಲೇಖಕರಿಗೆ ನೇರವಾಗಿ ಒಂದು ಪ್ರಶ್ನೆಪಟ್ಟಿ ಕಳಿಸಿ. ಹತ್ತು ಹದಿನೈದು ಪ್ರಶ್ನೆ ಸಾಕು. ಐವತ್ತು ಕಳಿಸಿದರೆ ಹತ್ತನೆಯದಕ್ಕೇ ಅವರಿಗೆ ರೇಗುತ್ತದೆ. ಪ್ರಶ್ನೆ ಹೀಗಿರಲಿ: 'ಪುಟ 38, ಸಾಲು 6ರಲ್ಲಿ ಅಮಾವಾಸ್ಯೆ. ಪುಟ 41ರಲ್ಲಿ ಅದೇ ರಾತ್ರಿ ಸೊಸೆ ಬೆಳದಿಂಗಳಲ್ಲಿ ಬಾವಿಕಟ್ಟೆಗೆ ಹೋಗುತ್ತಾಳೆ. ಯಾವುದನ್ನು ಉಳಿಸೋಣ?' ತಪ್ಪು ಅನ್ನುವ ಪದ ಬೇಡ, ಪರಿಹಾರವನ್ನೂ ನೀವೇ ಬರೆದುಕೊಡಬೇಡಿ. ಲೇಖಕರು ಬೆಳದಿಂಗಳನ್ನು ತೆಗೆಯುತ್ತಾರೆ ಅಂತ ನೀವಂದುಕೊಂಡಿದ್ದರೆ, ಅವರು ಇಡೀ ದೃಶ್ಯವನ್ನೇ ನಡುಹಗಲಿಗೆ ತಂದಾರು, ಅದು ಮೊದಲಿಗಿಂತ ಚೆನ್ನಾಗಿಯೂ ಇದ್ದೀತು. ನೀವು ಹುಡುಕುತ್ತಿರುವ ಸಾರ್ಥಕತೆ ಸಿಕ್ಕರೆ ಇಲ್ಲೇ ಸಿಗಬೇಕು. ಅಲ್ಪಪ್ರಾಣ ಮಹಾಪ್ರಾಣ ಸರಿಪಡಿಸುವುದರಲ್ಲಿ ಅದು ಸಿಗುತ್ತದೆ ಅಂತ ನಿಮ್ಮನ್ನು ಸಮಾಧಾನಪಡಿಸುವವರ ಮಾತು ನಂಬಬೇಡಿ.

ತಿದ್ದದೆ ಬಿಡುವುದೂ ಇದೇ ಕೆಲಸದ ಭಾಗ. ಧಾರವಾಡದ ಕಡೆಯ ಮಾತಿನಲ್ಲಿ 'ಬಂದಾನ' ಅಂದರೆ ಬಂದಿದ್ದಾನೆ. ಕೊಂಬು ಬಿಟ್ಟುಹೋಗಿದೆ ಅಂತ ಅದನ್ನು 'ಬಂದಾನು' ಮಾಡಿದಿರೋ, ಅಂಗಳದಲ್ಲಿ ಬಂದು ನಿಂತವನು ಬಂದರೂ ಬರಬಹುದಾದವನಾಗಿಬಿಡುತ್ತಾನೆ! ಅದಕ್ಕೇ ಪ್ರತಿ ಪುಸ್ತಕಕ್ಕೂ ಒಂದು ಪದಪಟ್ಟಿ ಮಾಡಿ. ಕತೆಯೋ ಕಥೆಯೋ, ವರ್ಷವೋ ವರುಷವೋ, ಪಾತ್ರಗಳ ಹೆಸರು, ವಯಸ್ಸು, ನೆಂಟಸ್ತಿಕೆ, ಆಡುಮಾತಿನ ಕ್ರಿಯಾಪದಗಳು, ಎಲ್ಲ ಒಂದೇ ಹಾಳೆಯಲ್ಲಿ. ಲೇಖಕರಿಂದ ಒಪ್ಪಿಗೆ ಪಡೆದು ಡಿಟಿಪಿಯವರಿಗೂ ಒಂದು ಪ್ರತಿ ಕೊಡಿ.

ಇನ್ನು 112ನೇ ಪುಟ. ನೀವು ಗುರುತು ಹಾಕಿದ ಪ್ರತಿ ಇದ್ದರೆ ತೆಗೆದು ನೋಡಿ. ಆ ತಪ್ಪು ನಿಮ್ಮ ಕಣ್ಣು ತಪ್ಪಿಸಿದ್ದೋ, ನೀವು ಗುರುತು ಹಾಕಿದರೂ ಡಿಟಿಪಿಯಲ್ಲಿ ತಿದ್ದದೆ ಉಳಿದದ್ದೋ? ಒಂದು ಪದ ತಿದ್ದುವಾಗ ಪಕ್ಕದ ಪದ ಅಳಿದುಹೋಗುವುದು, ಸಾಲು ಕೆಳಗೆ ಸರಿದು ಪ್ಯಾರಾದ ಕೊನೆ ಮುಂದಿನ ಪುಟಕ್ಕೆ ಹಾರುವುದು ಮಾಮೂಲಿ. ಎರಡನೇ ಸುತ್ತಿನಲ್ಲಿ ತಿದ್ದಿದ ಪದವನ್ನಷ್ಟೇ ನೋಡದೆ ಅದರ ಮೇಲಿನ ಕೆಳಗಿನ ಸಾಲನ್ನೂ ಓದಬೇಕಾದದ್ದು ಇದಕ್ಕೇ. ಪ್ರತಿ ಸುತ್ತಿನ ಪುಟಗಳನ್ನೂ ಸ್ಕ್ಯಾನ್ ಮಾಡಿಟ್ಟುಕೊಳ್ಳಿ, ಪುಸ್ತಕ ಅಚ್ಚಾಗಿ ಆರು ತಿಂಗಳವರೆಗೆ. ಮುಂದಿನ ಸಲ ಫೋನು ಬಂದರೆ ಪುಟ ತೋರಿಸಬಹುದು.

ಟೈಪ್ ಆಗಿ ಬಂದ ಕಡತದಲ್ಲಿ ಕಣ್ಣಿಗೆ ಕಾಣದ ತಪ್ಪುಗಳೂ ಇರುತ್ತವೆ. ಕೆಲವರು ಅನುಸ್ವಾರದ ಜಾಗಕ್ಕೆ ಕನ್ನಡದ ಸೊನ್ನೆ ೦ ಒತ್ತುತ್ತಾರೆ, ಅರ್ಕಾವತ್ತಿನ ಜಾಗಕ್ಕೆ ಒಂಬತ್ತು ೯. ನೋಡಲು ಹೆಚ್ಚುಕಡಿಮೆ ಒಂದೇ ಥರ. ಫಾಂಟ್ ಬದಲಾದಾಗ ಗಾತ್ರ ಎದ್ದು ಕಾಣುತ್ತದೆ, ಇ-ಪುಸ್ತಕದಲ್ಲಿ ಹುಡುಕಿದರೆ ಆ ಪದ ಸಿಗುವುದೇ ಇಲ್ಲ. ಪುಸ್ತಕದಲ್ಲಿ 1, 2, 3 ಬಳಸಿದ್ದರೆ ಕೆಲಸ ಸುಲಭ: ಫೈಂಡ್‌ನಲ್ಲಿ ೦, ೯ ಹಾಕಿ, ಸಿಕ್ಕಿದ್ದೆಲ್ಲವೂ ತಪ್ಪೇ. ಹಳೆಯ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ ಕಡತ ಈಗಿನ ಯೂನಿಕೋಡ್ ಅಕ್ಷರಗಳಿಗೆ ಬದಲಾಗಿ ಬಂದಿದ್ದರೆ ಅರ್ಕಾವತ್ತು, ಒತ್ತಕ್ಷರಗಳನ್ನು ಬೇರೆಯಾಗಿಯೇ ಒಂದು ಸಲ ನೋಡಿ.

ಹಣದ ವಿಷಯವನ್ನು ಸಂಕೋಚವಿಲ್ಲದೆ ಮಾತಾಡಿ. ಪ್ರಶ್ನೆ ಹುಡುಕುತ್ತ ಓದುವಾಗ ಗಂಟೆಗೆ ಹತ್ತು ಪುಟ ದಾಟಿತೆಂದರೆ ನೀವು ಕಥೆಯ ಹಿಂದೆ ಹೋಗಿದ್ದೀರಿ ಅಂತಲೇ ಅರ್ಥ. 200 ಪುಟಕ್ಕೆ ಇಪ್ಪತ್ತು ಗಂಟೆ. ಅದಕ್ಕೆ ಕರಡಿನ ಕೂಲಿ ಸಾಲದು, ಬೇರೆಯದೇ ದರ ಹೇಳಿ. ಹೆಸರಿನ ಮಾತೂ ಆಗಲೇ ಮುಗಿಯಲಿ. ಮುದ್ರಣ ವಿವರದ ಪುಟದಲ್ಲಿ, ಮುಖಪುಟ ಕಲಾವಿದರ ಕೆಳಗೆ, 'ಹಸ್ತಪ್ರತಿ ಪರಿಶೀಲನೆ' ಅಂತ ಒಂದು ಸಾಲು. ಅಚ್ಚಿಗೆ ಹೋಗುವ ದಿನ ಕೇಳಿದರೆ ಜಾಗವಿಲ್ಲ ಅನ್ನುತ್ತಾರೆ. ಕೆಲಸ ಒಪ್ಪಿಕೊಳ್ಳುವ ಮೇಲ್‌ನಲ್ಲೇ ಬರೆದುಬಿಡಿ. ಇಬ್ಬರು ಪ್ರಕಾಶಕರಲ್ಲಿ ಒಬ್ಬರು ಒಪ್ಪಿದರೂ ಸದ್ಯಕ್ಕೆ ಸಾಕು. ಇಬ್ಬರೂ ಒಪ್ಪದಿದ್ದರೆ ಮೂರನೆಯವರನ್ನು ಹುಡುಕುವ ಹೊತ್ತು ಬಂದಿದೆ.

ನಿಮ್ಮ ಕಥೆಗಳು ನಿಂತಿರುವುದಕ್ಕೆ ಕಾರಣ ಸಮಯವೊಂದೇ ಅಲ್ಲ ಅನ್ನಿಸುತ್ತದೆ. ದಿನವಿಡೀ ತಪ್ಪು ಹುಡುಕಿದ ಕಣ್ಣು ನಿಮ್ಮ ಮೊದಲ ಸಾಲನ್ನೂ ಹಿಡಿದು ನಿಲ್ಲಿಸುತ್ತದೆ. ಬೆಳಿಗ್ಗೆ, ಕರಡು ಬಿಚ್ಚುವ ಮುಂಚೆ ಅರ್ಧ ಗಂಟೆ ಬರೆಯಿರಿ. ಕಂಪ್ಯೂಟರಿನಲ್ಲಿ ಬೇಡ, ಪೆನ್ನಿನಲ್ಲಿ, ಗೀಟಿಲ್ಲದ ಹಾಳೆಯ ಮೇಲೆ. ನಿನ್ನೆ ಬರೆದದ್ದರ ಕೊನೆಯ ಸಾಲೊಂದನ್ನು ಬಿಟ್ಟು ಬೇರೇನೂ ಓದಬೇಡಿ. ಮೂರರಲ್ಲಿ ಚಿಕ್ಕದನ್ನು ಮೊದಲು ಮುಗಿಸಿ. ಮುಗಿದ ಮೇಲೆ ಅದರ ಕರಡನ್ನು ಮಾತ್ರ ನೀವೇ ತಿದ್ದಬೇಡಿ. ಇನ್ನೊಬ್ಬರಿಗೆ ಕೊಡಿ, ಪುಟಕ್ಕಿಷ್ಟು ಅಂತ ಕೂಲಿ ಮಾತಾಡಿಯೇ ಕೊಡಿ.