ಕೋಡ್ ರಿವ್ಯೂನಲ್ಲಿ (ಒಬ್ಬರು ಬರೆದ ಪ್ರೋಗ್ರಾಂ ಅನ್ನು ತಂಡದ ಇನ್ನೊಬ್ಬರು ಓದಿ ಪರಿಶೀಲಿಸುವಾಗ) ನಾನು ‘ಇದು ತಪ್ಪು, ಬದಲಿಸಿ’ ಅಂತೆಲ್ಲ ಬರೆಯುತ್ತೇನೆ. ಹೇಳಿದ್ದು ಸರಿಯಿದ್ದರೂ ತಂಡದವರು ಯಾಕೆ ಕೇಳುವುದಿಲ್ಲ?
ಬಹುಶಃ ನೀವು ಬರೆಯುವ ಧಾಟಿಯೇ ಕಾರಣ. ನೀವೇ ಕೊಟ್ಟ ಉದಾಹರಣೆ ನೋಡಿ: ‘ಇದು ತಪ್ಪು, ಬದಲಿಸಿ.’ ಏನು ತಪ್ಪು, ಯಾಕೆ ತಪ್ಪು ಅಂತ ಇದರಲ್ಲಿಲ್ಲ. ಬೈದ ಹಾಗೆ ಮಾತ್ರ ಕೇಳಿಸುತ್ತದೆ, ಅಲ್ವಾ?

ಮೊದಲು, ಕಾರಣ ಸೇರಿಸಿ ಪ್ರಶ್ನೆಯಾಗಿ ಬರೆಯಿರಿ: ‘ಪಟ್ಟಿ ಖಾಲಿ ಇದ್ದರೆ ಈ ಸಾಲಿನಲ್ಲಿ ಕ್ರ್ಯಾಶ್ ಆಗಬಹುದು ಅನ್ನಿಸಿತು, ಒಮ್ಮೆ ನೋಡ್ತೀರಾ?’ ವೇರಿಯಬಲ್ ಹೆಸರು, ಸ್ಪೇಸ್‌ನಂಥ ಸಣ್ಣಪುಟ್ಟದ್ದಕ್ಕೆ ‘ಬೇಕಿದ್ದರೆ ಮಾತ್ರ’ ಅಂತ ಹಾಕಿ. ಇಲ್ಲದಿದ್ದರೆ ನಿಜವಾದ ಬಗ್ (ದೋಷ) ಅವುಗಳ ನಡುವೆ ಕಳೆದುಹೋಗುತ್ತದೆ. ಎರಡು ಸಲ ಬರೆದರೂ ಬಗೆಹರಿಯದಿದ್ದರೆ ಸುಮ್ನೆ ಟೈಪ್ ಮಾಡುತ್ತಾ ಕೂರಬೇಡಿ. ಕರೆ ಮಾಡಿ ಮಾತಾಡಿ, ಒಪ್ಪಿಕೊಂಡಿದ್ದನ್ನು ರಿವ್ಯೂನಲ್ಲೇ ಒಂದು ಸಾಲು ಬರೆದಿಡಿ. ನನ್ನ ಮಟ್ಟಿಗೆ ಜಾಸ್ತಿ ಫಲ ಕೊಟ್ಟಿದ್ದು ಇದೇ.

ಹಳೇ ಮುನಿಸು ಇದ್ದರೆ ಇಷ್ಟು ಸಾಕಾಗುತ್ತದೋ ಇಲ್ಲವೋ ಹೇಳುವುದು ಕಷ್ಟ. ಆಗ ಮ್ಯಾನೇಜರ್ ಹತ್ತಿರ ಹೋಗುವ ಮೊದಲು ಆ ಸಹೋದ್ಯೋಗಿಯನ್ನೇ ನೇರವಾಗಿ ಕೇಳಿ.