ಕೆಲಸ ಮಾಡುತ್ತಲೇ ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಮಾಸ್ಟರ್ಸ್ ಮಾಡಬೇಕು ಅಂತಿದ್ದೇನೆ. ಆನ್‌ಲೈನ್ ಸಾಕಾ, ಕೆಲಸ ಬಿಟ್ಟು ಫುಲ್‌ಟೈಮ್ ಓದಬೇಕಾ?

ಅಕೌಂಟ್ಸ್ ಸಾಕಾಗಿದೆ, ಆಟ ಅಂದರೆ ಪ್ರಾಣ, ಹೇಗಾದರೂ ಆ ಕಡೆ ಹೋಗಬೇಕು ಅಂತ ಬರೆದಿದ್ದೀರಿ. ಅಕೌಂಟ್ಸ್ ಅನ್ನೋ ಪದ ತೆಗೆದರೆ ಇದು ನನ್ನದೇ ಹಳೇ ಪ್ರಶ್ನೆ.

ನಾನು ಸರಕು ಸಾಗಣೆ ಕಂಪನಿಯೊಂದರಲ್ಲಿ ಪ್ಲಾನಿಂಗ್ ನೋಡುತ್ತಿದ್ದೆ. ಯಾವ ಲಾರಿ ಯಾವ ಹೊತ್ತಿಗೆ ಎಲ್ಲಿರಬೇಕು ಅನ್ನೋದೇ ದಿನವಿಡೀ ತಲೆಬಿಸಿ. ಕೆಲಸ ಬಿಡುವ ಧೈರ್ಯ ಇರಲಿಲ್ಲ, ಹಾಗಾಗಿ ಸಂಜೆಯ ಆನ್‌ಲೈನ್ ಮಾಸ್ಟರ್ಸ್ ಸೇರಿಕೊಂಡೆ. ಓದು ನಿಜಕ್ಕೂ ಚೆನ್ನಾಗಿತ್ತು. ಪ್ರಸಾರ ಹಕ್ಕು, ಸ್ಪಾನ್ಸರ್‌ಶಿಪ್, ಟಿಕೆಟ್ ದರ, ಕ್ರೀಡಾ ಕಾನೂನು ಎಲ್ಲ ಇತ್ತು. ಯುರೋಪಿಯನ್ ಕೋರ್ಟಿನ 1995ರ ಬಾಸ್ಮನ್ ತೀರ್ಪು ಬಂದಮೇಲೆ ಒಪ್ಪಂದ ಮುಗಿದ ಫುಟ್‌ಬಾಲ್ ಆಟಗಾರ ಯುರೋಪಿಯನ್ ಒಕ್ಕೂಟದೊಳಗೆ ಒಂದು ಕ್ಲಬ್‌ನಿಂದ ಇನ್ನೊಂದಕ್ಕೆ ವರ್ಗಾವಣೆ ಶುಲ್ಕದ ತಕರಾರಿಲ್ಲದೆ ಹೋಗುವಂತಾಯಿತು ಅಂತ ಓದುವಾಗ ಮೈ ಜುಮ್ ಅಂದಿತ್ತು. ಮಾರ್ಕ್ಸೂ ಬಂತು, ಡಿಗ್ರಿಯೂ ಬಂತು. ಕೆಲಸ ಮಾತ್ರ ಬರಲಿಲ್ಲ.

ಯಾಕೆ ಅಂದರೆ, ಒಂದು ಫಾರಂ. ಇದನ್ನು ಸ್ವಲ್ಪ ಎಳೆದೇ ಹೇಳುತ್ತೇನೆ, ಯಾಕೆಂದರೆ ಇಂಥದ್ದು ನಿಮ್ಮ ಮುಂದೆಯೂ ಬರಬಹುದು. ಕೊನೆಯ ಸೆಮಿಸ್ಟರ್‌ಗೆ ಮುಂಚೆ ಎರಡು ಆಯ್ಕೆ ಕೊಟ್ಟರು. ಒಂದು, ಯಾವುದಾದರೂ ಕ್ರೀಡಾ ಸಂಸ್ಥೆಯಲ್ಲಿ ಇಂಟರ್ನ್‌ಶಿಪ್. ಇನ್ನೊಂದು, ಕೆಲಸದಲ್ಲಿರುವವರ ಅನುಕೂಲಕ್ಕೆ ಅಂತ, ಅದರ ಬದಲು ಒಂದು ದೊಡ್ಡ ರಿಪೋರ್ಟ್. ಎರಡಕ್ಕೂ ಅಷ್ಟೇ ಕ್ರೆಡಿಟ್, ಮಾರ್ಕ್ಸ್ ಕಾರ್ಡಿನಲ್ಲಿ ವ್ಯತ್ಯಾಸವೇ ಕಾಣಲ್ಲ. ನಾನು ಯೋಚನೆ ಕೂಡ ಮಾಡದೆ ರಿಪೋರ್ಟ್‌ಗೆ ಟಿಕ್ ಹಾಕಿದೆ. ರಜೆ ಸಿಗಲ್ಲ, ಬಾಸ್ ಒಪ್ಪಲ್ಲ, ಈ ವಯಸ್ಸಲ್ಲಿ ಇಂಟರ್ನ್ ಆಗೋದಾ ಅಂತ ನನ್ನ ಲೆಕ್ಕ. ಆದರೆ ಬಾಸ್‌ನನ್ನು ಕೇಳಿಯೇ ಇರಲಿಲ್ಲ. ಅದಕ್ಕಿಂತ ಪೆದ್ದುತನ ಏನು ಗೊತ್ತಾ? ಪಂದ್ಯಗಳು ನಡೆಯೋದೇ ಹೆಚ್ಚಾಗಿ ಸಂಜೆ ಮತ್ತು ವಾರದ ಕೊನೆಯಲ್ಲಿ. ಆಫೀಸಿನವನಿಗೆ ಬಿಡುವು ಇರೋದೂ ಆವಾಗಲೇ. ರಜೆ ಬೇಕು ಅನ್ನೋ ಮಾತೇ ಹುಸಿ. ಮನೆಯಲ್ಲಿ ಕೂತು ದೊಡ್ಡ ಕ್ಲಬ್‌ಗಳ ವಾರ್ಷಿಕ ವರದಿ ತೆರೆದು, ಗ್ರಾಫ್ ಹಾಕಿ, ಚೆಂದದ ಬೈಂಡಿಂಗ್ ಮಾಡಿಸಿದೆ. ಗೈಡ್ ಹೊಗಳಿದರು. ಅವರನ್ನು ಬಿಟ್ಟರೆ ಅದನ್ನು ಓದಿದವರು ಯಾರೂ ಇಲ್ಲ.

ಆಮೇಲೆ ಒಂದು ಲೀಗ್‌ನ ಇಂಟರ್ವ್ಯೂ. ಎದುರಿಗಿದ್ದವರು ರಿಪೋರ್ಟ್ ಪಕ್ಕಕ್ಕಿಟ್ಟು ಕೇಳಿದರು: "ಮಳೆ ಬಂತು, ಪಂದ್ಯ ಒಂದು ಗಂಟೆ ತಡ. ನೀವು ಮೊದಲು ಯಾರಿಗೆ ಫೋನ್ ಮಾಡ್ತೀರಿ?" ನಾನು ಸ್ಟೇಕ್‌ಹೋಲ್ಡರ್‌ಗಳ ಬಗ್ಗೆ ಭಾಷಣ ಶುರು ಮಾಡಿದೆ. ಅವರು ಕೇಳಿದ್ದು ಒಂದು ಹೆಸರು, ಒಂದು ನಂಬರು. ಲಾರಿ ತಡವಾದಾಗ ಯಾರಿಗೆ ಮೊದಲು ಫೋನ್ ಹೋಗಬೇಕು ಅಂತ ನನಗೆ ನಿದ್ದೆಯಲ್ಲೂ ಗೊತ್ತಿತ್ತು. ಅದನ್ನೂ ಅಲ್ಲಿ ಹೇಳಲಿಲ್ಲ, ಹಳೇ ಕೆಲಸದ ಮಾತೆತ್ತಿದರೆ ಮರ್ಯಾದೆ ಕಡಿಮೆ ಅಂದುಕೊಂಡಿದ್ದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಕೊನೆಗೆ ಬಾಗಿಲು ತೆರೆದದ್ದು ಸಂಬಳವಿಲ್ಲದ ಕೆಲಸ. ಒಂದು ಟೂರ್ನಿಗೆ ಗೇಟ್ ಹತ್ತಿರ ಸ್ವಯಂಸೇವಕ. ಕುತ್ತಿಗೆಯಲ್ಲಿ ಪಾಸ್, ಅದರ ಮೇಲೆ ಅಂಕಿಗಳು. ಯಾವ ಅಂಕಿ ಇದೆಯೋ ಆ ಜಾಗಕ್ಕಷ್ಟೇ ಪ್ರವೇಶ. ಬಾಗಿಲು ಬೇಗ ತೆರೆದರೂ ಜನ ಬಂದದ್ದು ಕೊನೆಯ ಅರ್ಧ ಗಂಟೆಯಲ್ಲಿ, ಎಲ್ಲರೂ ಒಟ್ಟಿಗೆ. ಸಾಲು ಮುಂದೆ ಹೋಗ್ತಾನೇ ಇಲ್ಲ. ನೋಡಿದರೆ ಬ್ಯಾಟರಿ ಉಳಿಸೋಕೆ ಅಂತ ಜನ ಫೋನಿನ ಬೆಳಕು ಕಡಿಮೆ ಮಾಡಿಟ್ಟಿದ್ದಾರೆ, ಸ್ಕ್ಯಾನರ್ ಕೋಡ್ ಓದ್ತಿಲ್ಲ. ನಾನು ಸಾಲಿನ ಉದ್ದಕ್ಕೂ ನಡೆದು "ಬ್ರೈಟ್‌ನೆಸ್ ಜಾಸ್ತಿ ಮಾಡ್ಕೊಳ್ಳಿ, ಟಿಕೆಟ್ ತೆರೆದಿಟ್ಕೊಳ್ಳಿ" ಅಂತ ಕೂಗುತ್ತಾ ಹೋದೆ. ಸಾಲು ಕರಗಿತು. ಅದನ್ನು ಗೇಟ್ ಮ್ಯಾನೇಜರ್ ನೋಡಿದರು. ಮುಂದಿನ ಸಲ ತಂಡಗಳ ಬಸ್ ವೇಳಾಪಟ್ಟಿ ನನ್ನ ಕೈಗೆ ಬಂತು. ಈಗ ನನ್ನ ಹೊಟ್ಟೆಪಾಡು ಅದೇ, ಕ್ರೀಡಾಕೂಟಗಳ ಸಾರಿಗೆ. ಅಂದರೆ ಮತ್ತೆ ಯಾವ ಗಾಡಿ ಯಾವ ಹೊತ್ತಿಗೆ ಎಲ್ಲಿರಬೇಕು ಅನ್ನೋದೇ! (ಪಂದ್ಯ ನೋಡೋಕೆ ಸಿಗುತ್ತಾ ಅಂತ ಕೇಳಬೇಡಿ. ಸ್ಟೇಡಿಯಂನಲ್ಲಿ ಜನರನ್ನು ನೋಡಿಕೊಳ್ಳುವ ಸ್ಟೂವರ್ಡ್ ಕೂಡ ನಿಲ್ಲೋದೇ ಆಟಕ್ಕೆ ಬೆನ್ನು ಹಾಕಿ, ಜನರ ಕಡೆ ಮುಖ ಮಾಡಿ.)

ಹಾಗಾಗಿ ಆನ್‌ಲೈನಾ ಫುಲ್‌ಟೈಮಾ ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಪಾಠ ಎಲ್ಲಿ ಕೇಳಿದರೂ ಪಾಠವೇ. ಈ ಡಿಗ್ರಿ ಹುಟ್ಟಿದ್ದು ಹೇಗೆ ಅಂತ ನೋಡಿ. 1957ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ಬೇಸ್‌ಬಾಲ್ ತಂಡದ ಮಾಲೀಕ ವಾಲ್ಟರ್ ಓಮ್ಯಾಲಿ, ತಂಡ ನಡೆಸೋಕೆ ತರಬೇತಿ ಪಡೆದವರು ಎಲ್ಲಿ ಸಿಗ್ತಾರೆ ಅಂತ ಜೇಮ್ಸ್ ಮೇಸನ್ ಎಂಬ ಪ್ರೊಫೆಸರಿಗೆ ಪತ್ರ ಬರೆದರು. ಅದರ ಫಲವಾಗಿ 1966ರಲ್ಲಿ ಒಹಾಯೊ ವಿಶ್ವವಿದ್ಯಾಲಯದಲ್ಲಿ ಮಾಸ್ಟರ್ಸ್ ಶುರುವಾಯಿತು. ಕೆಲಸ ಕೊಡುವವನಿಗೆ ಜನ ಬೇಕಿತ್ತು, ಓದು ಆಮೇಲೆ ಬಂತು. ಒಲಿಂಪಿಕ್ ವಲಯದವರಿಗೆ 1995ರಿಂದ ಮೆಮೋಸ್ ಅಂತ ಒಂದು ಎಕ್ಸಿಕ್ಯೂಟಿವ್ ಮಾಸ್ಟರ್ಸ್ ಇದೆ. ಅಲ್ಲಿಗೆ ಬರುವವರು ಈಗಾಗಲೇ ಕ್ರೀಡಾ ಸಂಸ್ಥೆಗಳಲ್ಲಿ ಕೆಲಸ ಮಾಡುತ್ತಿರುವವರು. ಅವರಿಂದಲೂ ಪಾಠದ ಜೊತೆಗೆ ತಮ್ಮದೇ ಸಂಸ್ಥೆಯ ಸಮಸ್ಯೆಯ ಮೇಲೆ ಪ್ರಾಜೆಕ್ಟ್ ಮಾಡಿಸುತ್ತಾರೆ. ಒಳಗಿರುವವರಿಗೇ ಹೀಗಾದರೆ ಹೊರಗಿನ ನಾವು ರಿಪೋರ್ಟ್ ಬರೆದು ಪಾರಾಗಬಹುದಾ? ಫಿಫಾ ಮಾಸ್ಟರ್‌ನಂಥ ಫುಲ್‌ಟೈಮ್ ಕೋರ್ಸ್ ಇಂಗ್ಲೆಂಡ್, ಇಟಲಿ, ಸ್ವಿಟ್ಜರ್ಲೆಂಡ್ ಮೂರೂ ಕಡೆ ಓದಿಸುತ್ತದೆ. ಕೆಲಸ ಬಿಡೋಕೆ ಆಗೋರಿಗೆ ಅದು ಸರಿ. ನೀವೋ ಕೆಲಸ ಮಾಡುತ್ತಲೇ ಓದಬೇಕು ಅಂತ ಬರೆದಿದ್ದೀರಿ.

ಇನ್ನೊಂದು ಮಾತು, ಅಕೌಂಟ್ಸ್ ಬಿಟ್ಟು ಓಡಬೇಡಿ. ಪಂದ್ಯ ಶುರುವಾದ ಮೇಲೆ ಖಾಲಿ ಉಳಿದ ಸೀಟನ್ನು ನಾಳೆ ಮಾರೋಕೆ ಆಗಲ್ಲ. ಆಟಗಾರನನ್ನು ಕರೆತರೋಕೆ ಅವನ ಹಳೇ ಕ್ಲಬ್‌ಗೆ ಕೊಟ್ಟ ವರ್ಗಾವಣೆ ಶುಲ್ಕವನ್ನು ಒಪ್ಪಂದದ ವರ್ಷಗಳಿಗೆ ಹಂಚಿ ಲೆಕ್ಕ ಬರೆಯಬೇಕು. ಇಂಥದ್ದನ್ನು ಅರ್ಥ ಮಾಡಿಕೊಳ್ಳುವ ಅಕೌಂಟೆಂಟ್ ಬೇಕು ಕ್ಲಬ್‌ಗಳಿಗೆ. ಆಟದ ಹುಚ್ಚಿರುವವರು ಅವರಿಗೆ ಬೇಕಾದಷ್ಟು ಸಿಗುತ್ತಾರೆ.

ಅರ್ಜಿ ಹಾಕುವ ಮುಂಚೆ ಯಾವುದಾದರೂ ಸಣ್ಣ ಕ್ಲಬ್‌ಗೆ ಹೋಗಿ, ಟಿಕೆಟ್ ಕೌಂಟರ್ ಲೆಕ್ಕ ನಾನು ನೋಡಿಕೊಳ್ತೀನಿ ಅಂತ ಕೇಳಿ. ಕೋರ್ಸ್‌ನವರಿಗೂ ಒಂದು ಮೇಲ್ ಬರೆಯಿರಿ: ಕೆಲಸದಲ್ಲಿರುವ ವಿದ್ಯಾರ್ಥಿಗಳನ್ನು ಪಂದ್ಯದ ದಿನ ಎಲ್ಲಿಗೆ ಕಳಿಸುತ್ತೀರಿ, ಯಾರ ಕೈಕೆಳಗೆ? ಉತ್ತರದ ಬದಲು ಬ್ರೋಷರ್ ಬಂದರೆ ಬೇರೆ ಕೋರ್ಸ್ ನೋಡಿ.